ದೊಡ್ಡಿಯ ನೆಣ, ಕಾಡಿನ ಬಾಡು

ಇಟಲಿಯ ಉಂಬ್ರಿಯಾ ಸೀಮೆಯಲ್ಲಿ, ಸಿಬಿಲ್ಲಿನಿ ಬೆಟ್ಟಗಳ ಮಗ್ಗುಲಿಗೆ ಕೋಟೆಗೋಡೆ ಸುತ್ತಿಕೊಂಡು ಕೂತ ಪುಟ್ಟ ಊರು ನೊರ್ಚಿಯಾ. ಬೀದಿಗೆ ಕಾಲಿಟ್ಟರೆ ಸಾಕು, ಕರಿಮೆಣಸು, ಬೆಳ್ಳುಳ್ಳಿ, ಒಣಗುತ್ತಿರುವ ಮಾಂಸ ಮೂರೂ ಕಲೆತ ಘಾಟು ಮೂಗಿಗೆ ಬಡಿಯುತ್ತದೆ. ಅಂಗಡಿ ಬಾಗಿಲಲ್ಲಿ ಕೋರೆ ತೋರುವ ಕಾಡುಹಂದಿಯ ತಲೆ. ಒಳಗೆ ಕತ್ತೆತ್ತಿದರೆ ಸೂರು ಕಾಣದಷ್ಟು ತೂಗುಬಿಟ್ಟ ತೊಡೆಗಳು, ಸರಸರವಾಗಿ ಇಳಿಬಿದ್ದ ಸಾಸೇಜುಗಳು. 2016ರ ಅಕ್ಟೋಬರ್ 30ರ ಭೂಕಂಪ ಸಂತ ಬೆನೆಡಿಕ್ಟನ ಬಸಿಲಿಕವನ್ನೇ ಕೆಡವಿತು; ಮಾಂಸ ಹದಮಾಡುವ ಈ ಕಸಬು ಮಾತ್ರ ಉಳಿದುಕೊಂಡಿತು.

ಹಿಂದಿನ ಕೋಣೆಗೆ ಬನ್ನಿ, ಗೋಡೆಗೊರಗಿ ನಿಲ್ಲೋಣ. ಹಲಗೆಯ ಮೇಲಿನ ಮಾಂಸ ಸಾಕುಹಂದಿಯದರಂತೆ ತಿಳಿಗೆಂಪಲ್ಲ, ನೇರಳೆಹಣ್ಣಿನ ಕಡುಬಣ್ಣ. ಬೆಟ್ಟ ಹತ್ತಿ, ನೆಲ ಕೆದರಿ ದುಡಿದ ಸ್ನಾಯುವಿನಲ್ಲಿ ಮಯೋಗ್ಲೋಬಿನ್ ತುಂಬಿದೆ, ಜೊತೆಗೆ ಕಬ್ಬಿಣ. ಹಲಗೆಗೆ ಬರುವ ಮೊದಲೇ ವಪೆಯ ಚೂರೊಂದು ಪ್ರಯೋಗಾಲಯಕ್ಕೆ ಹೋಗಿ ಬಂದಿರಬೇಕು. ಟ್ರಿಕಿನೆಲ್ಲಾ ಹುಳುವಿನ ಪರೀಕ್ಷೆಯಿಲ್ಲದೆ ಕಾಡುಹಂದಿಯನ್ನು ಮಾರಲು ಐರೋಪ್ಯ ಒಕ್ಕೂಟದ ಕಾನೂನು ಬಿಡುವುದಿಲ್ಲ. ಚಾಕು ಇಳಿದಲ್ಲೆಲ್ಲ ಬಿಗಿಯಾದ ಎಳೆ. ನೆಣದ ಬಿಳಿ ಗೆರೆಯನ್ನು ಹುಡುಕಬೇಕು. ಈ ಹಸಿ ಬಾಡಿನ 100 ಗ್ರಾಂನಲ್ಲಿ ಪ್ರೋಟೀನ್ 21 ಗ್ರಾಂ ದಾಟುತ್ತದೆ, ಕೊಬ್ಬು 3 ಗ್ರಾಂ ಆಸುಪಾಸಿನಲ್ಲೇ ನಿಲ್ಲುತ್ತದೆ. ಡಾಕ್ಟರು ಮೆಚ್ಚುವ ಲೆಕ್ಕ.

ಸಾಸೇಜಿಗೆ ಅದು ಒಗ್ಗದು. ಈ ಬಾಡನ್ನಷ್ಟೇ ಕೊಚ್ಚಿ ತುಂಬಿದರೆ, ಬೆಂಕಿ ತಾಗಿದೊಡನೆ ನೀರುಬಿಟ್ಟು ಪುಡಿಪುಡಿ; ಒಣಗಿಸಿದರೆ ಕೊರಡು. ಅದಕ್ಕೇ ಪಕ್ಕದ ತಟ್ಟೆಯಲ್ಲಿ ಸಾಕುಹಂದಿಯ ಬೆನ್ನಿನ ನೆಣ ಮಂಜಿನಷ್ಟು ತಣ್ಣಗೆ ಕಾದಿದೆ. ಬೆಚ್ಚಗಾದರೆ ಕರಗಿ, ಮಾಂಸಕ್ಕೆಲ್ಲ ಜಿಡ್ಡು ಮೆತ್ತುತ್ತದೆ. ಯಂತ್ರ ಗರಗರ ಅಂದಂತೆ ಕಡುಗೆಂಪು, ಬಿಳಿ ಎರಡೂ ಒಟ್ಟಿಗೆ ಉದುರುತ್ತವೆ. ಉಪ್ಪು, ಮೆಣಸು, ಒಂದಿಷ್ಟು ಕೆಂಪು ವೈನು ಬಿದ್ದ ಮೇಲೆ ನಾದುವ ಕೆಲಸ. ಉಪ್ಪು ಪ್ರೋಟೀನನ್ನು ಹೊರಗೆಳೆದು ಮಿಶ್ರಣ ಅಂಗೈಗೆ ಅಂಟತೊಡಗಿದಾಗಲೇ ಕೈ ನಿಲ್ಲುವುದು. ಆಮೇಲೆ ನೀರಲ್ಲಿ ನೆನೆದ ಕರುಳು ಕೊಳವೆಗೇರಿ, ಪುಸಕ್ಕನೆ ತುಂಬಿ, ಹಾವಿನಂತೆ ಸುರುಳಿ ಸುತ್ತುತ್ತದೆ. ದಾರ ಗೇಣಿಗೊಂದು ಗಂಟು ಬಿಗಿಯುತ್ತ ಹೋಗುತ್ತದೆ.

ಮೂರು ಪಾಲು ಬಾಡಿಗೆ ಒಂದು ಪಾಲು ನೆಣ ಎಂದಿಟ್ಟುಕೊಂಡರೂ 100 ಗ್ರಾಂ ಹಸಿ ಸಾಸೇಜಿನಲ್ಲಿ ಕೊಬ್ಬು 20 ಗ್ರಾಂ ದಾಟಿರುತ್ತದೆ. ಒಣಗಿ ನೀರು ಹೋದಂತೆ ಆ ಪ್ರಮಾಣ ಇನ್ನೂ ಏರುತ್ತದೆ. ಕಬ್ಬಿಣ, ಕಾಡಿನ ಕಮಟು ರುಚಿ ಉಳಿದಿವೆ ನಿಜ. ಆದರೆ ಬಾಗಿಲಲ್ಲಿರುವ ಹಂದಿಯ ತಲೆ ನೋಡಿ, ‘ಕಾಡಿನದು, ಕೊಬ್ಬಿಲ್ಲ’ ಎಂದುಕೊಂಡು ಎರಡು ಸರ ಹೆಚ್ಚಿಗೆ ಕೊಳ್ಳುವ ಗಿರಾಕಿ ಹಿಂದಿನ ಕೋಣೆಗೆ ಬಂದಿಲ್ಲ.