ಬಟ್ಟೆ ಹೇಳುವ ಸಾಕ್ಷಿ

ಮಡಿಕೇರಿ ಕಡೆಗೆ ಏರುವ ಹೆದ್ದಾರಿಯಲ್ಲಿ ಸಂಪಾಜೆ ಎರಡಿವೆ, ಒಂದು ಸುಳ್ಯ ತಾಲೂಕಿನದು, ಇನ್ನೊಂದು ಕೊಡಗಿನದು. ಕೋವಿ ಇಟ್ಟವರಿಗೆ ಈ ಗಡಿ ಚೆನ್ನಾಗಿ ಗೊತ್ತು. ಆಚೆ, ಕೊಡವರಿಗೆ 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕ ಕೋವಿ ಕಾನೂನಿನ ವಿನಾಯಿತಿ ಈಗ ಜಮ್ಮಾ ಭೂಮಿಯ ಹಿಡುವಳಿದಾರರನ್ನೂ ಒಳಗೊಂಡು ನಡೆಯುತ್ತಿದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಈಚೆ, ಬೆಳೆ ರಕ್ಷಣೆಗೆಂದು ಲೈಸೆನ್ಸ್ ಬೇಕು. ಚುನಾವಣೆ ಬಂತೆಂದರೆ ಕೋವಿ ಠಾಣೆಯಲ್ಲಿ ಡೆಪಾಸಿಟ್.

ಠಾಣೆಯಿಂದ ಬಿಡಿಸಿಕೊಂಡು ಬಂದ ಕೇಪಿನ ಕೋವಿಗೆ ಮೊದಲು ಈಡು ನೋಡಬೇಕು. ತೋಟದ ಹಿಂದಿನ ಎತ್ತರದ ಧರೆಗೆ ಒಂದು ಅಡಿಕೆ ಹಾಳೆ ಒರಗಿದೆ. ಎಲೆಪೆಟ್ಟಿಗೆಯ ಸುಣ್ಣದಲ್ಲಿ ಅದರ ನಡುವೆ ಒಂದು ಬೊಟ್ಟು. ಯಜಮಾನರು ನಳಿಗೆಯ ಬಾಯಿಗೆ ಅಳತೆಯ ಮದ್ದು ಸುರಿದು, ಹಳೆ ಪಂಚೆಯ ತುಂಡೊಂದನ್ನು ಹಾಸುತ್ತಾರೆ. ಅದಕ್ಕೆ ತೆಂಗಿನೆಣ್ಣೆಯಲ್ಲಿ ಕರಗಿಸಿದ ಜೇನುಮೇಣ ಸವರಿದೆ. ಮೇಲೆ ಸೀಸದ ಗುಂಡು. ಗಜ ಒತ್ತುತ್ತಾ ಒತ್ತುತ್ತಾ ಅದರ ಮೇಲಿನ ಗೀರು ನಳಿಗೆಯ ಬಾಯಿಗೆ ಸರಿಯಾಗಿ ನಿಲ್ಲುವವರೆಗೂ ಬಿಡುವುದಿಲ್ಲ. ಮದ್ದಿಗೂ ಗುಂಡಿಗೂ ನಡುವೆ ಸಂದು ಉಳಿದರೆ ನಳಿಗೆಯೇ ಒಡೆಯಬಹುದು. ಆಮೇಲೆ ಕೇಪು ಕೂರಿಸಿ, ಕುದುರೆ ಎತ್ತಿ...

ಢಂ! ತೇವದ ಗಾಳಿಯಲ್ಲಿ ಹೊಗೆ ಕದಲದೆ ನಿಂತಿದೆ.

"ಹಾಳೆ ನೋಡುದು ಆಮೇಲೆ ಮಾರಾಯ್ರೆ, ಬಟ್ಟೆ ಎಲ್ಲಿ ಬಿತ್ತು ನೋಡಿ!"

ಹತ್ತು ಹದಿನೈದು ಹೆಜ್ಜೆಯಾಚೆ ಅದು ಬಿದ್ದಿದೆ. ನಡುವೆ ನಾಣ್ಯದಷ್ಟು ಕಪ್ಪು, ಅಂಚು ಸ್ವಲ್ಪ ಪಿಸಿದರೂ ಗಟ್ಟಿ. ಇದು ಒಳ್ಳೆಯ ಲಕ್ಷಣ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಮೇಣ ಸಾಲದಾಯಿತು, ಇಲ್ಲವೇ ಮದ್ದು ಹೆಚ್ಚಾಯಿತು. ಕೊಯ್ದಂತೆ ಹರಿದಿದ್ದರೆ ನಳಿಗೆಯ ಬಾಯಂಚು ಹರಿತವಾಗಿರಬಹುದು. ಮದ್ದು ಜಾಸ್ತಿ ಹಾಕಿದರೆ ಗುರಿ ನೇರವಾಗುತ್ತದೆ ಎಂದು ನಂಬಿದವರು ಊರು ತುಂಬ ಇದ್ದಾರೆ. ಅವರಿಗೆ ಸಿಗುವುದು ಶಬ್ದ, ಜತೆಗೆ ಭುಜದ ನೋವು. ಮಂಗ ಓಡಿಸಲು ಶಬ್ದವೇ ಸಾಕು ಎನ್ನಿ.

ಈ ಕೋವಿಯ ನಳಿಗೆ ಒಳಗೆ ನುಣುಪು. ಹಾಗಾಗಿ ಬಟ್ಟೆಗೆ ಇಲ್ಲಿ ಅರ್ಧ ಕೆಲಸ: ಹೊಗೆ ಸೋರದಂತೆ ತಡೆಯುವುದು, ಗುಂಡು ಅತ್ತಿತ್ತ ಬಡಿಯದಂತೆ ಹಿಡಿಯುವುದು. ಒಳಗೆ ಸುರುಳಿ ಗೀರುಗಳಿರುವ ರೈಫಲಿನಲ್ಲಿ ಬಟ್ಟೆಯೇ ಆ ಗೀರು ಕಚ್ಚಿ ಗುಂಡನ್ನು ತಿರುಗಿಸುತ್ತದೆ. 1800ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಬೇಕರ್ ರೈಫಲಿಗೆ ಏಳು ಗೀರು. ಗುಂಡಿಗೆ ಸುತ್ತುವ ತುಂಡುಗಳನ್ನಿಡಲು ಹಿಡಿಯಲ್ಲೇ ಪುಟ್ಟ ಪೆಟ್ಟಿಗೆ. ಅಮೆರಿಕದ ಹವ್ಯಾಸಿಗಳ ಅರ್ಧ ಇಂಚಿನ, ಅಂದರೆ 12.7 ಮಿ.ಮೀ. ನಳಿಗೆಗೆ ಸಾಮಾನ್ಯವಾಗಿ 12.45 ಮಿ.ಮೀ. ಗುಂಡು. 0.38 ಮಿ.ಮೀ. ದಪ್ಪದ ಬಟ್ಟೆ ಎರಡೂ ಬದಿಗೆ ಸೇರಿದರೆ ಲೆಕ್ಕ 13.2 ದಾಟುತ್ತದೆ. ಹಿಡಿಸದು ಅನ್ನಿಸಬೇಕು; ಆದರೆ ಬಟ್ಟೆ ಅಮುಕಿಕೊಂಡು ಗೀರಿನೊಳಗೆ ತುಂಬುತ್ತದೆ. ಅವರು ಮದ್ದು, ಬಟ್ಟೆ, ಗುಂಡುಗಳಲ್ಲಿ ಒಮ್ಮೆಗೆ ಒಂದನ್ನೇ ಬದಲಿಸುತ್ತಾರೆ. ಮದ್ದು ಐದು ಗ್ರೇನ್, ಅಂದರೆ ಸುಮಾರು ಗ್ರಾಮಿನ ಮೂರನೇ ಒಂದು ಪಾಲು, ಏರಿಸಿ ಮತ್ತೆ ಹೊಡೆದು ನೋಡುತ್ತಾರೆ.

ಯಜಮಾನರದೂ ಅದೇ ಕ್ರಮ. ಪ್ರತಿ ಈಡಿನ ನಂತರ ಒದ್ದೆ ಬಟ್ಟೆಯಲ್ಲಿ ನಳಿಗೆ ಒರೆಸುತ್ತಾರೆ. ಮಸಿ ಉಳಿದರೆ ಮುಂದಿನ ಗುಂಡು ಬಿಗಿಯಾಗಿ ಬೇರೆಡೆಗೆ ಬೀಳುತ್ತದೆ. ಸುಣ್ಣದ ಬೊಟ್ಟಿನ ಸುತ್ತ ತೂತುಗಳು ಅಂಗೈಯಗಲಕ್ಕೆ ಬಂದ ಮೇಲೆ ಕೊನೆಯ ಅಳತೆ ಖಾಯಂ. ಆದರೆ ಮಸಿ ತೇವ ಎಳೆಯುವ ಜಾತಿ. ಸಂಪಾಜೆಯ ಹವೆಗೆ ರಾತ್ರಿ ಬಿಟ್ಟರೆ ತುಕ್ಕೇ ಗತಿ. ನಳಿಗೆಗೆ ಬಿಸಿನೀರು ಹೊಯ್ದು, ಒಣಗಿಸಿ, ಎಣ್ಣೆ ಹಾಕಲೇಬೇಕು. ಬಚ್ಚಲ ಹಂಡೆಯಿಂದ ಮೊದಲ ಚೆಂಬು ಎತ್ತುವಾಗ ಒಳಗಿನಿಂದ ಮನೆಯಾಕೆಯ ಸ್ವರ: "ನಮ್ಮ ಸ್ನಾನಕ್ಕೂ ಸ್ವಲ್ಪ ಉಳಿಸಿ ಮಾರಾಯ್ರೆ!"