ಬೂದಿಕೋಟೆಯ ಹೈದರನೂ ಅವನ ಮಗನೂ

ಬಂಗಾರಪೇಟೆಗೆ ದಕ್ಷಿಣದಲ್ಲಿ, ಚಿನ್ನದ ಗಣಿಗಳ ನೆಲಕ್ಕೆ ಅನತಿದೂರದಲ್ಲಿ, ಬೂದಿಕೋಟೆ ಎಂಬ ಊರಿದೆ. ಹೈದರಾಲಿ ಹುಟ್ಟಿದ್ದು ಇಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರದಲ್ಲಿದೆ. ಸೈನಿಕನಾಗಿ ಮೈಸೂರಿನ ಸೇವೆಗೆ ಸೇರಿದ ಹೈದರನು 1761ರ ವೇಳೆಗೆ ರಾಜ್ಯದ ಸರ್ವಾಧಿಕಾರಿಯಾದನು. ಸಿಂಹಾಸನದ ಮೇಲೆ ಒಡೆಯರಿದ್ದರು. ಯುದ್ಧವೋ ಸಂಧಿಯೋ ಎಂಬುದನ್ನು ನಿರ್ಧರಿಸುವವನು ಮಾತ್ರ ಹೈದರನೊಬ್ಬನೇ. ಅಧಿಕಾರವೆಲ್ಲ ಹೀಗೆ ಒಬ್ಬನ ಕೈಯಲ್ಲಿ ಕೂಡಿದಾಗ ಅವನ ಸ್ವಭಾವವೇ ರಾಜ್ಯದ ನೀತಿಯಾಗುತ್ತದೆ.

ಹೈದರನಿಗೆ ಓದುಬರಹ ತಿಳಿಯದು. ಲೋಕವನ್ನೆಲ್ಲ ಕಿವಿಯಿಂದಲೇ ಅರಿಯಬೇಕಾಗಿದ್ದುದರಿಂದ ಅವನು ಹಲವರ ಮಾತನ್ನು ಕೇಳುತ್ತಿದ್ದನು, ಕೇಳಿದ್ದನ್ನು ಮರೆಯುತ್ತಿರಲಿಲ್ಲ. 1769ರ ಮದರಾಸು ಒಪ್ಪಂದದಂತೆ, ಶತ್ರುಗಳು ಮೇಲೆ ಬಿದ್ದಾಗ ಇಂಗ್ಲಿಷರು ಅವನಿಗೆ ನೆರವಾಗಬೇಕಾಗಿತ್ತು. ಮರಾಠರು ದಂಡೆತ್ತಿ ಬಂದಾಗ ಅವರು ಸುಮ್ಮನಿದ್ದರು. ಹೈದರನು ಆ ವಂಚನೆಯನ್ನು ಮನಸ್ಸಿನಲ್ಲಿಟ್ಟುಕೊಂಡನೇ ಹೊರತು ದುಡುಕಲಿಲ್ಲ. 1779ರಲ್ಲಿ ತನ್ನ ರಕ್ಷಣೆಯಲ್ಲಿದ್ದ ಮಾಹೆಯನ್ನು ಇಂಗ್ಲಿಷರು ಹಿಡಿದರು. ಅದೇ ವರ್ಷ ಮದರಾಸಿನ ದೂತನಾಗಿ ಬಂದ ಷ್ವಾರ್ಟ್ಸ್ ಪಾದ್ರಿಯನ್ನು ಅವನು ಶ್ರೀರಂಗಪಟ್ಟಣದಲ್ಲಿ ಆದರದಿಂದಲೇ ಕಂಡನು. ಕೋಪ ಮಾತ್ರ ಇಳಿಯಲಿಲ್ಲ. ಮರಾಠರನ್ನೂ ನಿಜಾಮನನ್ನೂ ಜೊತೆಗೆ ಸೇರಿಸಿಕೊಂಡ ಮೇಲೆಯೇ 1780ರ ಜುಲೈಯಲ್ಲಿ ಕರ್ನಾಟಿಕ್ ಪ್ರಾಂತಕ್ಕೆ ಇಳಿದನು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಬೇಯ್ಲಿಯ ಸೇನೆ ನಾಶವಾಯಿತು. ಆದರೆ ಆ ರೋಷದಲ್ಲಿ ಸುಟ್ಟುಹೋದುವು ಮದರಾಸಿನ ಸುತ್ತಣ ಹಳ್ಳಿಗಳು. ಒಪ್ಪಂದ ಮುರಿದವರು ಅಲ್ಲಿಯ ರೈತರಲ್ಲ. ಯುದ್ಧ ಮುಗಿಯುವ ಮೊದಲೇ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿ ಹೈದರನು ತೀರಿಕೊಂಡನು.

ಮಗ ಟಿಪ್ಪು ವಿದ್ಯಾವಂತ, ದೊಡ್ಡ ಗ್ರಂಥಭಂಡಾರವನ್ನು ಕೂಡಿಸಿದವನು. ತುರ್ಕಿಗೂ ಫ್ರಾನ್ಸಿಗೂ ರಾಯಭಾರಿಗಳನ್ನು ಕಳುಹಿಸಿದವನು. ಧೈರ್ಯದಲ್ಲಿ ತಂದೆಗೆ ಕಡಿಮೆಯಿಲ್ಲ, ತಾಳ್ಮೆಯಲ್ಲಿ ಕಡಿಮೆ. ತನ್ನ ನ್ಯಾಯ ತನಗೆ ಸ್ಪಷ್ಟವಾಗಿದ್ದರೆ ಸಾಕು, ನೆರೆಯವರು ಹೇಗೆ ಕಾಣುವರೆಂಬುದನ್ನು ಅವನು ಅಷ್ಟಾಗಿ ಎಣಿಸಲಿಲ್ಲ. ತಿರುವಾಂಕೂರಿನ ಅರಸನು ಡಚ್ಚರಿಂದ ಕೊಡುಂಗಲ್ಲೂರಿನ ಕೋಟೆಯನ್ನು ಕೊಂಡನು. ಆ ನೆಲವು ತನಗೆ ಕಪ್ಪ ಕೊಡುವ ಕೊಚ್ಚಿಗೆ ಸೇರಿದುದೆಂಬುದು ಟಿಪ್ಪುವಿನ ವಾದ. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ತಿರುವಾಂಕೂರು ಇಂಗ್ಲಿಷರ ಮಿತ್ರರಾಜ್ಯ. ಇಂಗ್ಲಿಷರೋ ಒಂದು ನೆವಕ್ಕಾಗಿ ಕಾದಿದ್ದವರು. 1789ರ ಡಿಸೆಂಬರ್ 29ರಂದು ಟಿಪ್ಪುವಿನ ಪಡೆ ತಿರುವಾಂಕೂರಿನ ರಕ್ಷಣಾ ಗೋಡೆಯ ಮೇಲೆ ಬಿದ್ದು ಹಿಮ್ಮೆಟ್ಟಿತು. ತಂದೆ ಯಾರನ್ನು ಜೊತೆಗೂಡಿಸಿ ಹೊರಟಿದ್ದನೋ ಆ ಮರಾಠರೂ ನಿಜಾಮನೂ ಈ ಸಲ ಕಾರ್ನ್‌ವಾಲಿಸನ ಪಕ್ಷದಲ್ಲಿದ್ದರು.

1792ರ ಸಂಧಿಯಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಲು ಒಪ್ಪಿ, ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಿಟ್ಟನು. ಅಜ್ಜನ ಗೋರಿಯಿದ್ದ ಕೋಲಾರವು 1768ರಲ್ಲಿ ಇಂಗ್ಲಿಷರಿಗೆ, 1770ರಲ್ಲಿ ಮರಾಠರಿಗೆ, 1791ರಲ್ಲಿ ಕಾರ್ನ್‌ವಾಲಿಸನಿಗೆ ಸಿಕ್ಕಿ, ಈ ಸಂಧಿಯಿಂದ ಮತ್ತೆ ಮೈಸೂರಿಗೆ ಬಂದಿತು.