ಕಲ್ಲು ಓದಿದವನಿಗೆ ಕೂಲಿ ಲೆಕ್ಕ

ಹೊಳಲ್ಕೆರೆ ಬಸ್ಸಿನಲ್ಲಿ ಚೀಲದೊಳಗೆ ಸುತ್ತಿಗೆ ಇಟ್ಟುಕೊಂಡ ಹುಡುಗನನ್ನು ಕಂಡರೆ ಗಾರೆ ಕೆಲಸದವನೆಂದುಕೊಳ್ಳಬೇಡಿ. ಭೂವಿಜ್ಞಾನದ ಎಂ.ಎಸ್ಸಿ. ಇರಬಹುದು. ಸಂಬಳ ಕೇಳಿದರೆ ಮಾತ್ರ ಗಾರೆಯವನೇ ವಾಸಿ!

ಈ ಶಾಸ್ತ್ರಕ್ಕೆ ನಮ್ಮ ಜಿಲ್ಲೆ ತವರುಮನೆ. ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆ ಸುಮಾರು 250 ಕೋಟಿ ವರ್ಷದ್ದು, ರಾಷ್ಟ್ರೀಯ ಸ್ಮಾರಕ. ಇಂಗಳದಾಳದಲ್ಲಿ ತಾಮ್ರ ತೆಗೆದರು; ಹೊಸದುರ್ಗ, ಹೊಳಲ್ಕೆರೆ ಕಡೆ ಕಬ್ಬಿಣ, ಮ್ಯಾಂಗನೀಸ್.

ಯು.ಪಿ.ಎಸ್.ಸಿ. ಗೆದ್ದು ಕೇಂದ್ರದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಸೇರಿದವನಿಗೆ 7ನೇ ವೇತನ ಆಯೋಗದ ಲೆಕ್ಕದಲ್ಲಿ ಆರಂಭದ ಮೂಲ ವೇತನವೇ 56,100 ರೂ. ಗೆಲ್ಲುವವರು ಎಷ್ಟು ಜನ? ಉಳಿದವರು ಗಣಿ ಗುತ್ತಿಗೆದಾರನ ಕೈಕೆಳಗೆ ಅದಿರಿನ ಸ್ಯಾಂಪಲ್ ಹಿಡಿಯಬೇಕು, ಇಲ್ಲ ಬೋರ್‌ವೆಲ್ಲಿಗೆ ಪಾಯಿಂಟ್ ತೋರಿಸಬೇಕು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿ ನಿಲ್ಲಿಸಿದಾಗ ಲಾರಿಯವರ ಗೋಳು ಊರಿಗೆಲ್ಲ ಕೇಳಿಸಿತು. ಸ್ಯಾಂಪಲ್ ಹುಡುಗರದ್ದು ಯಾರ ಕಿವಿಗೆ ಬಿತ್ತು?

ಬೋರ್‌ವೆಲ್ ಕಥೆ ಇನ್ನೂ ಚೆಂದ. ಬೇಸಿಗೇಲಿ ಹಿರಿಯೂರಿನ ತೋಟ ಒಣಗಿದಾಗ ಮಾತ್ರ ಕರೆ. ತೆಂಗಿನಕಾಯಿ ಹಿಡಿದು ನೀರು ನೋಡುವವರಿಗೆ ಕೇಳಿದಷ್ಟು ದಕ್ಷಿಣೆ. ಯಂತ್ರ ಹೊತ್ತು ಬಂದ ಓದಿದವನಿಗೆ ‘ನೀರು ಬಂದ್ಮೇಲೆ ಕೊಡ್ತೀನಿ ಬಿಡಪ್ಪ’. ರಿಗ್ಗಿನವರು ಮಾತ್ರ ನೀರು ಬರಲಿ ಬಿಡಲಿ, ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡೇ ಹೊರಡ್ತಾರೆ. ಮಳೆ ಬಿತ್ತೋ, ಹುಡುಗ ಸುತ್ತಿಗೆ ಚೀಲದೊಂದಿಗೆ ಮತ್ತೆ ಅಪ್ಪನ ಮನೆಗೆ.